ಎಲ್‌ಫೈವ್ ರಾಯರು

ಜಯನಗರದಲ್ಲಿ ಮನೆ ಹುಡುಕುವವರಿಗೆ ಬ್ಲಾಕು, ಮೇನು, ಕ್ರಾಸು ಮೂರನ್ನೂ ಹೇಳಬೇಕು. ನಮ್ಮ ಎದುರುಮನೆ ರಾಯರು ತಮ್ಮ ಸೊಂಟನೋವಿಗೂ ಹಾಗೇ ವಿಳಾಸ ಕೊಡುತ್ತಾರೆ. 'ಎಲ್ ಫೋರಿಗೂ ಎಲ್ ಫೈವಿಗೂ ಮಧ್ಯೆ ಸ್ವಾಮೀ. ಡಿಸ್ಕು ಎಡಕ್ಕೆ ಒಂಚೂರು ಉಬ್ಬಿದೆ' ಎನ್ನುವ ಧಾಟಿ ಕೇಳಿದರೆ, ಪಕ್ಕದ ಸೈಟಿನವರು ಇವರ ಕಾಂಪೌಂಡು ಒತ್ತುವರಿ ಮಾಡಿದ್ದಾರೇನೋ ಅನ್ನಿಸಬೇಕು. ಸೊಂಟದ ಭಾಗದಲ್ಲಿರುವುದೇ ಐದು ಮೂಳೆ. ಮೇಲಿನ ಮೂರರ ಸುದ್ದಿಗೆ ಅವರು ಹೋಗುವುದಿಲ್ಲ. ಕೆಳಗಿನ ಎರಡನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ.

35 ವರ್ಷ ಬ್ಯಾಂಕಿನ ಕುರ್ಚಿಯಲ್ಲಿ ಕೂತು ಸಂಪಾದಿಸಿದ್ದು ಎರಡು: ಪಿಂಚಣಿ, ಸೊಂಟನೋವು. ಮೊದಲನೆಯದು ಹೆಂಡತಿಯ ವಶ. ಎರಡನೆಯದನ್ನು ಬೀದಿಗೆ ಹಂಚುತ್ತಾರೆ. ಗೇಟಿನ ಬಳಿ ಬಗ್ಗಿ ಹಾಲಿನ ಪ್ಯಾಕೆಟ್ಟು ಎತ್ತುವಾಗ ಯಾರಾದರೂ 'ಅಮ್ಮಾ' ಅಂದರೆ ಸಾಕು, ಐದು ನಿಮಿಷದಲ್ಲಿ ರಾಯರು ಹಾಜರು. ನಾವಿರುವುದು ಎರಡನೇ ಮಹಡಿ, ಅದೂ ಲೆಕ್ಕಕ್ಕಿಲ್ಲ. ಒಳಗೆ ಬಂದವರೇ, 'ಜಮಖಾನ ಹಾಸಿ' ಎನ್ನುತ್ತಾರೆ.

ಮೊದಲು ಪುರಾಣ. '1956. ನ್ಯೂಜಿಲೆಂಡು. ಮೆಕೆಂಜಿ ಅಂತ ಒಬ್ಬ ಫಿಸಿಯೋ. ತಲೆ ಕಡೆ ಎತ್ತರಿಸಿಟ್ಟಿದ್ದ ಮೇಜಿನ ಮೇಲೆ ರೋಗಿ ಗೊತ್ತಿಲ್ದೆ ಬೋರಲು ಮಲಗಿಬಿಟ್ಟ. ಈತ ಬಂದು ನೋಡಿ ಗಾಬರಿ! ರೋಗಿ ಏನಂದ? ನೋವು ಎಷ್ಟೋ ಕಮ್ಮಿ ಅಂದ. ಅದೇ ಮುಂದೆ ಜಗತ್ಪ್ರಸಿದ್ಧ ಆಯ್ತು. ನಮ್ಮ ಭುಜಂಗಾಸನದ ದಾಯಾದಿ ಸ್ವಾಮೀ ಅದು!' ಹೀಗೆನ್ನುತ್ತಲೇ ತಾವೂ ಬೋರಲಾಗಿ, ಅಂಗೈ ಊರಿ ಎದೆ ಎತ್ತುತ್ತಾರೆ. ಹೆಡೆ ಏನೋ ಏಳುತ್ತದೆ. ಇಳಿಯಲು ಕಾಫಿಯ ಘಮ ಬರಬೇಕು.

ಆಮೇಲೆ ಅಂಬೆಗಾಲು. ಬಲಗೈ ಮುಂದಕ್ಕೆ, ಎಡಗಾಲು ಹಿಂದಕ್ಕೆ. 'ಕೆನಡಾದ ಮೆಕ್‌ಗಿಲ್ ಪ್ರೊಫೆಸರ ವರಸೆ ಇದು. ಹತ್ತು ಎಣಿಸೋ ತನಕ ನಡು ಅಲ್ಲಾಡಬಾರದು.' ಮೊನ್ನೆ ಹಾಗೆ ನಿಂತಾಗ ನನ್ನ ಮೊಮ್ಮಗ, ಆನೆ ಬಂತೆಂದು ಬೆನ್ನೇರಿಬಿಟ್ಟ. ಮಾಜಿ ಬ್ಯಾಂಕಿನವರು ಲೆಕ್ಕ ತಪ್ಪಿದ್ದು ಅಂದೇ: ಮೂರಾದ ಮೇಲೆ ನೇರ ಹತ್ತು.

ಒಂದು ವಿಷಯದಲ್ಲಿ ಮಾತ್ರ ಅವರಿಗೆ ತಮಾಷೆಯಿಲ್ಲ. 'ಕಾಲು ಜೋಮು ಹಿಡಿದು ಶಕ್ತಿ ಹೋದರೆ, ಮೂತ್ರದ ಹಿಡಿತ ತಪ್ಪಿದರೆ ನನ್ನ ಕರೀಬೇಡಿ. ಸೀದಾ ಆಸ್ಪತ್ರೆಗೆ ಹೋಗಿ.'

ಇನ್ನು ಪಾದರಕ್ಷೆ. 'ಮನೆ ವಾಲಿದರೆ ಪಾಯ ನೋಡಬೇಕು' ಎಂಬುದು ಅವರ ಸಿದ್ಧಾಂತ. ಹೀಗಾಗಿ ಅವರ ಜಗುಲಿ ಮದುವೆಮನೆಯ ಬಾಗಿಲಿನಂತಿದೆ. ಜೋಡುಗಳು ಹತ್ತು, ನೆಂಟ ಒಬ್ಬನೇ. ಮುಳ್ಳುಮುಳ್ಳಿನ ಆಕ್ಯುಪ್ರೆಶರ್ ಚಪ್ಪಲಿ ಮೆಟ್ಟಿದಾಗ ಸೊಂಟನೋವು ನೆನಪಿಗೇ ಬರಲಿಲ್ಲವಂತೆ. ಪಾದ ಅಷ್ಟು ಉರಿಯುತ್ತಿತ್ತು. ಮುಂದಿನದು ಎಂಸಿಆರ್. ಕುಷ್ಠದಿಂದಲೋ ಸಕ್ಕರೆ ಕಾಯಿಲೆಯಿಂದಲೋ ಸ್ಪರ್ಶ ಕಳೆದುಕೊಂಡ ಪಾದಗಳಿಗೆ ಹುಣ್ಣಾಗದಿರಲೆಂದು ಕೊಡುವ ಮೆತ್ತನೆ ರಬ್ಬರಿನದು. ರಾಯರ ಪಾದಕ್ಕಾದರೋ ನೆಲದ ಮೇಲಿನ ಸಾಸಿವೆಕಾಳೂ ತಿಳಿಯುತ್ತದೆ. ಅದನ್ನು ಮನೆಯೊಳಗೂ ಹಾಕುವುದಾಗಿ ಸಾರಿದಾಗ ಅವರ ಮನೆಯವರು ಒಂದೇ ಮಾತು ಹೇಳಿದರು: 'ಅಡುಗೆಮನೆ ಹೊಸಿಲು ದಾಟಿದರೆ ಊಟ ಜಗುಲೀಲೇ.'

ಕೊನೆಗೆ ಅಮೆರಿಕದಿಂದ ಮಗ ತಂದದ್ದು ದೋಣಿ ತಳದ ಬೂಟು. ಅದನ್ನು ತೊಟ್ಟು ರಾಯರು ನಿಂತಲ್ಲೇ ತೂಗುತ್ತಿದ್ದರೆ ಸೊಪ್ಪಿನವಳು, 'ಪಾಪ, ಬೆಳಗ್ಗೆ ಬೆಳಗ್ಗೇನೇ ಹಾಕ್ಕೊಂಡವ್ರೆ' ಎಂದು ಮರುಗಿದಳು. ಫಿಸಿಯೋಥೆರಪಿ ಓದುವ ಮೊಮ್ಮಗಳು ಆ ದೋಣಿಯನ್ನೂ ಮುಳುಗಿಸಿದಳು: 'ತಾತ, ಲಂಡನ್ನಿನಲ್ಲಿ ಹೋಲಿಸಿ ನೋಡಿದಾರೆ, 2013ರಲ್ಲೇ ಬಂದಿದೆ. ಸಪಾಟು ಶೂಗಿಂತ ಇದರಿಂದ ಹೆಚ್ಚೇನೂ ಉಪಯೋಗ ಇಲ್ಲ.' ಅಷ್ಟಕ್ಕೇ ಬಿಡದೆ ಸೊಂಟದ ಬೆಲ್ಟಿಗೂ ಕೈಹಾಕಿದಳು. ಹಳೇ ಸೊಂಟನೋವಿಗೆ ಬೆಲ್ಟು ಬೇಡ, ವ್ಯಾಯಾಮ ಇರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆಯಂತೆ. ಅಂಗಿಯ ಮೇಲೆ ಮೆರೆಯುತ್ತಿದ್ದ ಬೆಲ್ಟು ಬಿಚ್ಚಿದ ದಿನ ಅಜ್ಜಿಗೆ ಸಮಾಧಾನ. 'ಡಾಬು ಮಾಡಿಸಿಕೊಡಿ ಅಂತ ನಾನು ಕೇಳಿ 40 ವರ್ಷ ಆಯ್ತು. ಇವರು ತಾವೇ ಹಾಕ್ಕೊಂಡು ಓಡಾಡ್ತಿದ್ರು!'

ಇಷ್ಟರಲ್ಲಿ ಬೀದಿಯೂ ಬುದ್ಧಿ ಕಲಿಯಿತು. ಹಾಲಿನ ಪ್ಯಾಕೆಟ್ಟು ಎತ್ತುವಾಗ ಜನ ತುಟಿ ಕಚ್ಚಿಕೊಂಡರು. 'ನೋವಾ? ನಮಗಾ? ಛೆ ಛೆ!' ವಾರ ಕಳೆಯಿತು. ರಾಯರು ಬೀದಿಯಲ್ಲಿ ಕಾಣಿಸಲಿಲ್ಲ. ಹೋಗಿ ನೋಡಿದರೆ ಮಂಚದ ಮೇಲೆ ಮುದುಡಿ ಮಲಗಿದ್ದಾರೆ. ಈ ಸಲ ವಿಳಾಸ ಹೇಳುವ ಉತ್ಸಾಹವೂ ಇಲ್ಲ. 'ನೋವು' ಅಂದರು, ಅಷ್ಟೇ. ಬಾಗಿಲವರೆಗೆ ಬಂದ ಅವರ ಮನೆಯವರು ತಗ್ಗಿದ ದನಿಯಲ್ಲಿ, 'ಮನೆಮನೆ ತಿರುಗೋವಾಗ ಚೆನ್ನಾಗೇ ಇದ್ರು ಕಣ್ರೀ' ಎಂದರು.

ಮರುದಿನ ಬೆಳಗ್ಗೆ ಆರಕ್ಕೆ ನಾನು ಕೆಳಗಿಳಿದು, ಗೇಟಿನ ಬಳಿ ಬಗ್ಗಿ, ಎದುರುಮನೆ ಕಿಟಕಿಗೆ ಕೇಳುವ ಹಾಗೆ, 'ಅಮ್ಮಾ!' ಎಂದೆ.

ಮನೆಗೆ ಬಂದು ಜಮಖಾನ ಹಾಸುವುದರೊಳಗೆ ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳ. ರಾಯರು ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತಿದ್ದರು. ಹತ್ತು ಜೋಡಿನ ಧಣಿ ಬರಿಗಾಲಲ್ಲಿ ಬಂದಿದ್ದರು.