ಕೆಟಲ್ ಭಟ್ಟ

ಇಂಜಿನಿಯರಿಂಗ್ ಕಾಲೇಜಿನ ಬಾಯ್ಸ್ ಹಾಸ್ಟೆಲಿಗೆ ಒಬ್ಬ ವಾರ್ಡನ್ ಇರುವ ಹಾಗೆ, ವಿಂಗಿಗೊಬ್ಬ ಕೆಟಲ್ ಭಟ್ಟ ಇದ್ದೇ ಇರುತ್ತಾನೆ. ನಮ್ಮ ವಿಂಗಿನವನು ಹಾಸನದ ಕಡೆಯ ಗೌಡರ ಹುಡುಗ. ಭಟ್ಟ ಪದವಿ ಬಂದದ್ದು ಹುಟ್ಟಿನಿಂದಲ್ಲ, ಒಂದೂವರೆ ಲೀಟರಿನ ಸ್ಟೀಲ್ ಕೆಟಲಿನಿಂದ. "ಸೀತ ಆಯ್ತದೆ, ಬಿಸ್ನೀರ್ ಕುಡಿ ಮಗಾ" ಎಂದು ಅವ್ವ ಕೊಡಿಸಿ ಕಳಿಸಿದ್ದು. ಆ ಕೆಟಲು ಬರೀ ನೀರನ್ನು ಕಂಡದ್ದು ಮೊದಲ ವಾರ ಮಾತ್ರ. ಆಮೇಲೆ ಮ್ಯಾಗಿ, ಮೊಟ್ಟೆ, ರವೆ ಗಂಜಿ, ಮತ್ತೆ ಮೊಟ್ಟೆ.

ಕೆಟಲಿನಲ್ಲಿ ಅಡುಗೆ ಮಾಡುವುದು ಸುಲಭವಲ್ಲ. ನೀರು ಕುದ್ದೊಡನೆ ಅದು ಟಕ್ಕೆಂದು ಆಫ್ ಆಗುತ್ತದೆ. ಅದರ ಗುಟ್ಟು ಬಿಚ್ಚಿದವನು ನಮ್ಮ ಭಟ್ಟನೇ. ಕುದಿಯುವ ನೀರಿನ ಹಬೆ ಒಳದಾರಿಯಲ್ಲಿ ಹೋಗಿ ಸ್ವಿಚ್ಚಿನ ಪಕ್ಕದ ಜೋಡಿಲೋಹದ ಬಿಲ್ಲೆಗೆ ತಾಗುತ್ತದೆ, ಬಿಲ್ಲೆ ಬಾಗುತ್ತದೆ, ಸ್ವಿಚ್ ಬೀಳುತ್ತದೆ. "ಮುಚ್ಚಳ ತೆಗೆದಿಡ್ರೋ, ಹಬೆ ಮೇಲಕ್ಕೆ ಹೋಗ್ತದೆ, ಬಿಲ್ಲೆಗೆ ಸುದ್ದೀನೇ ಮುಟ್ಟಲ್ಲ!" ಇಷ್ಟು ಚೆನ್ನಾಗಿ ವಿವರಿಸುವ ಹುಡುಗ ಬೇಸಿಕ್ ಎಲೆಕ್ಟ್ರಿಕಲ್‌ನಲ್ಲಿ ಎರಡು ಸಲ ಬ್ಯಾಕ್.

ಪರೀಕ್ಷೆಯಲ್ಲಿ ಬಾರದ ಲೆಕ್ಕ ಹಸಿವಾದಾಗ ತಾನಾಗಿ ಬರುತ್ತಿತ್ತು. ರೂಮಿನಲ್ಲಿದ್ದುದು 6 ಆಂಪಿಯರಿನ ಸಣ್ಣ ಸಾಕೆಟ್. 230 ವೋಲ್ಟಿಗೆ ಗುಣಿಸಿದರೆ 1380 ವಾಟ್. ಕೆಟಲಿಗೆ ಬೇಕಾದದ್ದು 1500. "ಜಾಸ್ತಿ ಅಂದ್ರೆ 120 ವಾಟ್ ಕಣೋ, ಹಾಸ್ಟೆಲ್ ಫೀಸಲ್ಲಿ ಹಿಡ್ಕೊಳ್ಳಲಿ" ಎಂದು ಕನ್ವರ್ಟರ್ ಸಿಕ್ಕಿಸುತ್ತಿದ್ದ. ಸಾಕೆಟ್ ಹಳದಿಯಾಗಿ, ಆಮೇಲೆ ಕಂದಾಗಿ, ಕೊನೆಗೆ ಮೀನು ಸುಟ್ಟ ವಾಸನೆ ಬಿಡತೊಡಗಿತು. ಪಕ್ಕದ ರೂಮಿನಲ್ಲಿ ಇನ್ನೊಂದು ಕೆಟಲ್, ಬಚ್ಚಲಲ್ಲಿ ಯಾರದೋ ಕಾಯಿಲ್, ಜೊತೆಗೆ ಒಂದು ಇಸ್ತ್ರಿಪೆಟ್ಟಿಗೆ ಸೇರಿದರೆ ವಿಂಗಿಗಿದ್ದ 16 ಆಂಪಿಯರ್ ಎಂಸಿಬಿ ಕೈ ಎತ್ತುತ್ತಿತ್ತು. ಕತ್ತಲಲ್ಲಿ ಎಲ್ಲರಿಗಿಂತ ಮೊದಲು "ಯಾವನ್ಲಾ ಅದು ಕಾಯಿಲ್ ಹಾಕ್ದೋನು?" ಎಂದು ಕೂಗುತ್ತಿದ್ದವನು ಇವನೇ.

ಇಸ್ತ್ರಿಪೆಟ್ಟಿಗೆಯ ವಿಷಯ ಬಂತಲ್ಲ, ಅದು ನಮ್ಮ ಒಗ್ಗರಣೆ ಒಲೆ. ದಪ್ಪದೆರಡು ಮ್ಯಾಥ್ಸ್ ಪುಸ್ತಕಗಳ ನಡುವೆ ಅದನ್ನು ಅಂಗಾತ ನಿಲ್ಲಿಸಿ, ಮೇಲೆ ಪುಟ್ಟ ಸ್ಟೀಲ್ ತಟ್ಟೆ ಇಟ್ಟು ಎಣ್ಣೆ ಬಿಡುತ್ತಿದ್ದ. ಬ್ರೆಡ್ಡಿಗೆ ಸಿಲ್ಕು, ಸಾಸಿವೆಗೆ ಕಾಟನ್. ಆ ಪೆಟ್ಟಿಗೆಯಿಂದ ಇಸ್ತ್ರಿಯಾದ ಅಂಗಿ ತೊಟ್ಟು ನಾನು ಕ್ಯಾಂಪಸ್ ಇಂಟರ್‌ವ್ಯೂಗೆ ಹೋದೆ. ಬೆನ್ನ ಮೇಲೆ ಕರಿಬೇವಿನ ಎಲೆಯ ಅಚ್ಚು ಇದ್ದದ್ದು ವಾಪಸು ಬಂದ ಮೇಲೆ ಗೊತ್ತಾಯಿತು.

ಒಮ್ಮೆ ಸೀನಿಯರೊಬ್ಬನಿಂದ ಇಂಡಕ್ಷನ್ ಒಲೆಯನ್ನೂ ಕೊಂಡ. ಅವ್ವನ ಅಲ್ಯೂಮಿನಿಯಂ ಪಾತ್ರೆ ಇಟ್ಟರೆ ಅದು ಕೀಂ ಎಂದು ಅತ್ತಿತೇ ಹೊರತು ಬಿಸಿಯಾಗಲಿಲ್ಲ. ಅಯಸ್ಕಾಂತ ಅಂಟದ ತಳ ಅದಕ್ಕೆ ಆಗದು. ಮಾರನೇ ದಿನ ಅಂಗಡಿಯವನ ಮುಂದೆ ಫ್ರಿಜ್ಜಿಗೆ ಅಂಟಿಸುವ ಗಣಪತಿಯನ್ನು ಪಾತ್ರೆಪಾತ್ರೆಗೂ ಮುಟ್ಟಿಸುತ್ತಾ ನಿಂತಿದ್ದ. ಪೂಜೆಗೋ ಎಂದು ಅಂಗಡಿಯವನು ಕೇಳಿದನಂತೆ.

ರಾತ್ರಿ ಹನ್ನೊಂದಕ್ಕೆ ಅವನ ರೂಮು ಛತ್ರ. ಧಾರವಾಡದವನ ಶೇಂಗಾ ಚಟ್ನಿಪುಡಿ, ಪುತ್ತೂರಿನವನ ಮಿಡಿ ಉಪ್ಪಿನಕಾಯಿ ಅಲ್ಲಿ ಸೇರುತ್ತಿದ್ದವು. ಮೆಸ್ಸಿನ ಸಾಂಬಾರಿಗೆ ಬೈಯುತ್ತಾ ಅದಕ್ಕಿಂತ ನೀರಾದದ್ದನ್ನು ಸುರಿದು ಉಣ್ಣುತ್ತಿದ್ದೆವು. ಭಟ್ಟ ಮಾತ್ರ ಕೊನೆಗೆ ಕೂರುತ್ತಿದ್ದ, ಕೆಟಲಿನ ತಳಕ್ಕೆ ಹಿಡಿದದ್ದನ್ನು ಚಮಚದಲ್ಲಿ ಕೆರೆಯುತ್ತಾ. ಅದನ್ನು ಉಜ್ಜಲು ಒಂದು ಹಳೇ ಹಲ್ಲುಜ್ಜುವ ಬ್ರಷ್ ಇತ್ತು. ಯಾರದೆಂದು ನಾವು ಕೇಳಲಿಲ್ಲ.

ಸಿಕ್ಕಿಬಿದ್ದದ್ದು ಇಂಗಿನಿಂದ. ಊದಿನಕಡ್ಡಿ ಹಚ್ಚಿ ಮುಚ್ಚಿಡೋಣವೆಂದರೆ ಎರಡೂ ಸೇರಿ ಪ್ರಸಾದದ ವಾಸನೆ ಎದ್ದಿತು. ವಾರ್ಡನ್ ಭಕ್ತಿಯಿಂದಲೇ ಒಳಗೆ ಬಂದರು. ಕೆಟಲ್ ಜಪ್ತಿಯಾಯಿತು.

ಮಾರನೇ ದಿನ ತಪ್ಪೊಪ್ಪಿಗೆ ಪತ್ರ ಕೊಡಲು ಅವನ ಜೊತೆ ನಾನೂ ಹೋದೆ. ಆಫೀಸಿನ ಬೀರುವಿನ ಮೇಲೆ ವರ್ಷಾನುವರ್ಷದ ಕೆಟಲುಗಳು ಸಾಲಾಗಿ ಕೂತಿದ್ದವು. ಮೇಜಿನ ಮೇಲೆ ನಮ್ಮದೇ ಕೆಟಲು ಟೀಗೆ ನೀರು ಕಾಯಿಸುತ್ತಿತ್ತು. ಕುದ್ದು ಉಕ್ಕಿ ರಿಜಿಸ್ಟರಿನ ಮೇಲೆಲ್ಲ ಹರಿದರೂ ನಿಲ್ಲದು. ವಾರ್ಡನ್ ಗಾಬರಿಯಾಗಿ ಸ್ವಿಚ್ಚಿಗೆ ತಡಕಾಡುತ್ತಿದ್ದರು. ಭಟ್ಟನಿಗೆ ತಡೆಯಲಾಗಲಿಲ್ಲ.

"ಸಾರ್, ಮುಚ್ಚಳ ಒತ್ತಿ ಸಾರ್. ಬಿಲ್ಲೆಗೆ ಹಬೆ ಹೋಗ್ತಿಲ್ಲ."