ಹಕ್ಕಿ ಅಂಕಲ್

ಬೆಂಗಳೂರಿನ ಫುಟ್‌ಪಾತಿನಲ್ಲಿ ತಲೆಯೆತ್ತಿ ನಡೆಯುವವರು ಎರಡೇ ಬಗೆ: ಲೈನ್‌ಮನ್ ಮತ್ತು ಹಕ್ಕಿ ಅಂಕಲ್. ಉಳಿದವರೆಲ್ಲ ಬಾಯ್ದೆರೆದ ಚಪ್ಪಡಿ ನೋಡಿಕೊಂಡೇ ಹೆಜ್ಜೆಯಿಡಬೇಕು. ಅಂಕಲ್ ಕೊರಳಲ್ಲಿ ಬೈನಾಕ್ಯುಲರ್, ತಲೆಗೆ ಮಂಕಿ ಕ್ಯಾಪು, ಕಣ್ಣು ಮೂರನೇ ಮಹಡಿಯ ಎತ್ತರದಲ್ಲಿ. ಅಲ್ಲಿ ಕೊಂಬೆಯ ಹಿಂದೆ ಯಾರದೋ ಮನೆಯ ಕಿಟಕಿಯೂ ಇದೆ ಎಂದು ಅಂಕಲ್‌ಗೆ ಹೊಳೆಯುವುದು ಒಳಗಿನವರು ದಡಾರನೆ ಪರದೆ ಎಳೆದಾಗಲೇ. ಕೆಲಸವಿಲ್ಲದ ಮನುಷ್ಯ ಎಂದು ಬಡಾವಣೆ ಎಂದೋ ತೀರ್ಪು ಕೊಟ್ಟಾಗಿದೆ. ನನ್ನ ವಾದ ಬೇರೆ. ಹಳ್ಳಿಗೊಬ್ಬ ಶಾನುಭೋಗರಿದ್ದ ಹಾಗೆ, ಬಡಾವಣೆಯಲ್ಲಿ ಋತುಗಳ ಲೆಕ್ಕ ಬರೆಯುವವರು ಇವರೊಬ್ಬರೇ.

ಎಲೆ ಕೆಂಪಾಗದ, ರಾಶಿ ರಾಶಿ ಉದುರದ ಊರಿನಲ್ಲಿ ಶರದೃತು ಎಲ್ಲಿಂದ ಬಂತು ಎನ್ನುವವರಿದ್ದಾರೆ. ಗೋಡೆ ಕ್ಯಾಲೆಂಡರಿನ ಚಿತ್ರ ನೋಡಿ ಋತು ಕಲಿತವರ ತಕರಾರು ಇದು. ಇಲ್ಲಿ ಶರತ್ತು ಬರುವುದು ಮೂಗಿನ ದಾರಿಯಲ್ಲಿ: ಏಳೆಲೆ ಹಾಲೆ ಹೂಬಿಟ್ಟು ರಾತ್ರಿಯಿಡೀ ಬೀದಿ ಗಮ್ಮೆನ್ನುತ್ತದೆ, ಬೆಳಗಾದರೆ ಯಾರಿಗಾದರೂ ತಲೆನೋವು. ಆಕಾಶಮಲ್ಲಿಗೆ ಕಾರಿನ ಮೇಲೆ ಸುರಿಯುತ್ತದೆ. ಮಾಲೀಕರು ಕಸವೆಂದು ಒರೆಸಿ ಬಿಸಾಡಿದ್ದನ್ನೇ ಅಂಕಲ್ ತಾರೀಖು ಹಾಕಿ ಬರೆದುಕೊಳ್ಳುತ್ತಾರೆ. ಅದೇ ಹೊತ್ತಿಗೆ ಹತ್ತು ಗ್ರಾಮೂ ತೂಗದ ಉಲಿಯಕ್ಕಿ ಉತ್ತರದಿಂದ ಬಂದು ಹೊಂಗೆ ಮರ ಸೇರಿರುತ್ತದೆ, ಬೂದು ಸಿಪಿಲೆ ರಾಜಕಾಲುವೆಯ ಅಂಚಿನಲ್ಲಿ ಬಾಲ ಕುಣಿಸುತ್ತಿರುತ್ತದೆ. ಹಿಮಾಲಯದ ತಿಳಿನೀರು ಬಿಟ್ಟು ನಮ್ಮ ಮೋರಿಯನ್ನು ಮೆಚ್ಚಿದ ಅದರ ಅಭಿರುಚಿಯ ಬಗ್ಗೆ ಅಂಕಲ್ ತುಟಿಪಿಟಕ್ಕೆನ್ನುವುದಿಲ್ಲ.

ಹಕ್ಕಿಯ ಹೆಸರು ಹೇಳಲು ಮೊಬೈಲ್ ಇದೆ, ಅಂಕಲ್ ಯಾಕೆ ಬೇಕು ಎಂಬುದು ಹೊಸ ಆಕ್ಷೇಪ. ಮೊಬೈಲ್ ಹೆಸರು ಹೇಳೀತು. ಅದನ್ನು ಮರದತ್ತ ಹಿಡಿಯಲು ಮೊದಲು ಕತ್ತೆತ್ತುವವರೊಬ್ಬರು ಬೇಕಲ್ಲ. 2023ರ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ವರದಿ 942 ಪ್ರಭೇದಗಳ ಸ್ಥಿತಿಗತಿ ಅಳೆದದ್ದು ಸುಮಾರು 30,000 ಹಕ್ಕಿವೀಕ್ಷಕರು ಬರೆದಿಟ್ಟ 3 ಕೋಟಿ ದಾಖಲೆಗಳ ಮೇಲೆ. ಕೆಲಸವಿಲ್ಲದವರ ಕೆಲಸ ಇಷ್ಟು ದೊಡ್ಡದು. ಹಾಗೆಂದು ಶಾನುಭೋಗರು ನಿಷ್ಪಕ್ಷಪಾತಿಗಳೇನಲ್ಲ. ನವೆಂಬರಿನಲ್ಲಿ ಗುಲಾಬಿ ಟಬೆಬುಯಾ ಅರಳಿ ಬೀದಿಯವರೆಲ್ಲ ಸೆಲ್ಫಿಗೆ ನಿಂತಾಗ ‘ಅದು ಅಮೆರಿಕದ ಮರ ಕಣ್ರೀ’ ಎಂದು ಮೂಗು ಮುರಿಯುತ್ತಾರೆ. ಉಲಿಯಕ್ಕಿ ಮಾತ್ರ ‘ನಮ್ಮ ಅತಿಥಿ’. ಮರವನ್ನು ತಂದು ನೆಟ್ಟದ್ದು, ಹಕ್ಕಿ ತಾನಾಗಿ ಬಂದದ್ದು ಎಂಬ ಸಮಜಾಯಿಷಿ ಸಿದ್ಧವಾಗಿಯೇ ಇದೆ, ಅದರಲ್ಲಿ ಹುರುಳೂ ಇದೆ. ಆದರೆ ಅದನ್ನು ಹೇಳುವಾಗ ಅವರ ಕೈಲಿರುವ ಫಿಲ್ಟರ್ ಕಾಫಿ ಯಾವ ದೇಶದ್ದು ಎಂದು ಮಾತ್ರ ಕೇಳಬಾರದು. ಯೆಮನ್‌ನಿಂದ ಶುರುವಾದ ಕಥೆ ಬಾಬಾ ಬುಡನ್‌ಗಿರಿ ಮುಟ್ಟುವಷ್ಟರಲ್ಲಿ ಬಿಸಿಲೇರಿ, ಉಲಿಯಕ್ಕಿ ಎಲೆಮರೆಗೆ ಸೇರಿರುತ್ತದೆ.