ಶಹಾಪುರದ ಡಾರ್ವಿನ್ನರು

ಶಹಾಪುರದಲ್ಲಿ ಈಚೆಗೆ ಎರಡು ಹೊಸ ಜಾತಿ ಹುಟ್ಟಿಕೊಂಡಿವೆ. ಡಾಕ್ಯುಮೆಂಟರಿ ನೋಡಿದವರದು ಒಂದು, ನೋಡಿದವರ ಕೈಗೆ ಸಿಕ್ಕವರದು ಇನ್ನೊಂದು. ತಹಶೀಲ್ದಾರರು ಇನ್ನೂ ಸರ್ಟಿಫಿಕೇಟ್ ಕೊಡುತ್ತಿಲ್ಲ ಅನ್ನುವುದೊಂದು ಬಿಟ್ಟರೆ ಜಾತಿಗೆ ಬೇಕಾದ ಲಕ್ಷಣವೆಲ್ಲ ಇವಕ್ಕಿವೆ. ಒಬ್ಬರ ಮನೆಯಲ್ಲಿ ಇನ್ನೊಬ್ಬರು ಚಾ ಕುಡಿಯುವುದು ಕಷ್ಟ. ಕುಡಿದರೂ ಆರಿದ ಮೇಲೆಯೇ, ಯಾಕೆಂದರೆ ಬಸಿ ಕೈಗೆ ಕೊಟ್ಟ ಗಳಿಗೆಯಲ್ಲೇ ನೋಡಿದವರು ಪೆಂಗ್ವಿನ್ ಪುರಾಣ ಶುರು ಮಾಡಿರುತ್ತಾರೆ.

ನಾನು ಎರಡನೇ ಜಾತಿಯವನು. ಮೊದಲನೇ ಜಾತಿಗೆ ಹಿರಿಯರು ನಮ್ಮ ಕಾಕಾ. ಭೀಮರಾಯನಗುಡಿಯಲ್ಲಿ ನೌಕರಿ ಮಾಡಿ ನಿವೃತ್ತರಾದವರು. ಸರ್ವಿಸಿನಲ್ಲಿದ್ದಷ್ಟು ದಿನ ಕಾಲುವೆಗೆ ನೀರು ಬಿಟ್ಟರೋ ಇಲ್ಲವೋ ಅನ್ನುವುದನ್ನು ಬಿಟ್ಟು ಬೇರೆ ಮಾತು ಆಡಿದವರಲ್ಲ. ಮಗ ಬೆಂಗಳೂರಿನಿಂದ ದೊಡ್ಡ ಟಿವಿ ತಂದು ಗೋಡೆಗೆ ಬಡಿದು ಹೋದ, ಕಾಕಾ ಕೆಟ್ಟರು. ರಾತ್ರಿ ಹನ್ನೆರಡರ ತನಕ ಸೆರೆಂಗೆಟಿಯಲ್ಲಿರುತ್ತಾರೆ. ಬೆಳಿಗ್ಗೆ ಬಸ್ ಸ್ಟ್ಯಾಂಡ್ ಎದುರಿನ ಹೋಟೆಲಿಗೆ ಸುಸಲಾ, ಮಿರ್ಚಿ ತಿನ್ನಲು ಬರುವ ಹೊತ್ತಿಗೆ ಅವರ ದನಿಯೇ ಬೇರೆ. ಡೇವಿಡ್ ಅಟೆನ್‌ಬರೋ ಎಂಬ ಇಂಗ್ಲಿಷ್ ಮುತ್ಯಾನ ದನಿ ಅದು. ‘ವೈಲ್ಡ್ ಕರ್ನಾಟಕ’ಕ್ಕೆ ಅದೇ ಮುತ್ಯಾ ದನಿ ಕೊಟ್ಟು, ಆ ದನಿಗೆ ರಾಷ್ಟ್ರಪ್ರಶಸ್ತಿಯೂ ಬಂದ ಮೇಲಂತೂ ಕಾಕಾ ಅವನನ್ನು ಕನ್ನಡಿಗನೆಂದೇ ಲೆಕ್ಕ ಹಿಡಿದಿದ್ದಾರೆ. ಎದುರಿಗಿನ ಪ್ರಾಣಿ ಬೆದರಿ ಓಡೀತು ಅನ್ನುವಂತೆ ಮೆಲ್ಲಗೆ, ಉಸಿರು ಬಿಗಿಹಿಡಿದು ಮಾತಾಡುತ್ತಾರೆ. ಎದುರಿಗಿನ ಪ್ರಾಣಿ ಬಹಳ ಸಲ ನಾನೇ.

“ನೋಡು,” ಅಂದರು ಒಂದು ದಿನ, ರಸ್ತೆಯಾಚೆ ಮೂರನೇ ಅಂತಸ್ತಿಗೆ ಸೆಂಟ್ರಿಂಗ್ ಹೊಡೆಸುತ್ತಿದ್ದ ಹತ್ತಿ ವ್ಯಾಪಾರಿಯ ಕಡೆ ಗದ್ದ ಎತ್ತಿ. “ಗಂಡು ಗೂಡು ಕಟ್ಲತ್ತದ. ಬೋವರ್ ಬರ್ಡ್ ಅಂತ ಆಸ್ಟ್ರೇಲಿಯಾದಾಗ ಒಂದು ಹಕ್ಕಿ ಅದ. ಕಡ್ಡಿ ನಿಲ್ಸಿ ಚಪ್ಪರ ಹಾಕಿ, ಮುಂದ ನೀಲಿ ಬಾಟ್ಲಿ ಮುಚ್ಚಳ, ನೀಲಿ ಪುಕ್ಕ ಎಲ್ಲಾ ಹರವಿ ಇಡ್ತದ. ಹೆಣ್ಣು ಬಂದು ಪಾಸ್ ಮಾಡ್ಬೇಕು. ಮರಿ ಮಾಡೋದು ಅದರಾಗಲ್ಲ ಮತ್ತ. ಅದಕ್ಕ ಹೆಣ್ಣು ಬ್ಯಾರೇನೇ ಗೂಡು ಕಟ್ಕೋತದ. ಇದು ಬರೇ ತೋರಸ್ಲಿಕ್ಕ!”

ಈ ಮಾತನ್ನು ಮನೆಯಲ್ಲೂ ಆಡಿದರು. ಕಾಕಿ ರೊಟ್ಟಿ ಬಡಿಯುತ್ತಿದ್ದವರು ತಲೆ ಎತ್ತಲಿಲ್ಲ. “ಆ ಹಕ್ಕಿ ತನ್ನ ಚಪ್ಪರ ತಾನೇ ಹಾಕ್ತದಲ್ರಿ. ನೀವು ಅಡಿಗಿಮನ್ಯಾಗ ಒಂದು ಮೊಳಿ ಹೊಡೀರಿ ಅಂತ ಹ್ವಾದ ದೀಪಾವಳಿಯಿಂದ ಹೇಳ್ಲತ್ತೀನಿ” ಅಂದರು.

ಈ ಟಿವಿ ಹುಚ್ಚು ನಮ್ಮ ಕಡೆಗೆ ಹೊಸದೆಂದು ಮಾತ್ರ ತಿಳಿಯಬೇಡಿ. ಬೆಂಗಳೂರಿನವರಿಗೆ ದೂರದರ್ಶನ ಬಂದದ್ದು 1981ರ ನವೆಂಬರಿನಲ್ಲಿ. ನಮ್ಮ ಸೀಮೆಯ ಹಳ್ಳಿಗಳಿಗೆ ಬಂದದ್ದು 1975ರ ಆಗಸ್ಟ್ 1ಕ್ಕೆ! ಸೈಟ್ ಅಂತ ಒಂದು ಪ್ರಯೋಗ. ನಾಸಾದ ಎಟಿಎಸ್-6 ಉಪಗ್ರಹವನ್ನು ಇಸ್ರೋದವರು ಒಂದು ವರ್ಷದ ಮಟ್ಟಿಗೆ ಕಡ ತಂದು ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟಿವಿ ತೋರಿಸಿದರು. ಕರ್ನಾಟಕದಲ್ಲಿ ಆರಿಸಿಕೊಂಡದ್ದು ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳನ್ನು. ಶಹಾಪುರ ಆಗ ಗುಲಬರ್ಗಾ ಜಿಲ್ಲೆಯಲ್ಲಿತ್ತು. ಹಿಂದುಳಿದದ್ದಕ್ಕೆ ನಮಗೆ ಸಿಕ್ಕ ಮುನ್ನಡೆ ಇದೊಂದೇ ಇರಬೇಕು. ಕೋಳಿ ಗೂಡಿಗೆ ಹಾಕುವ ಜಾಳಿಗೆಯಿಂದ ಮಾಡಿದ ದೊಡ್ಡ ಛತ್ರಿ ಆಕಾಶಕ್ಕೆ ಮುಖ ಮಾಡಿ ಕೂತಿರುತ್ತಿತ್ತು. ಬೆಳಿಗ್ಗೆ ಶಾಲೆ ಮಕ್ಕಳಿಗೆ ವಿಜ್ಞಾನ, ಸಂಜೆ ದೊಡ್ಡವರಿಗೆ ಒಕ್ಕಲುತನ, ಆರೋಗ್ಯ. ಮರುವರ್ಷ ಜುಲೈ 31ಕ್ಕೆ ಗಡುವು ಮುಗಿಯಿತು, ಅಮೆರಿಕದವರು ತಮ್ಮ ಉಪಗ್ರಹ ತಾವು ಒಯ್ದರು. ಅಲ್ಲಿಯತನಕ ಅದು ನಿಂತಿದ್ದದ್ದು ಪೂರ್ವ ಆಫ್ರಿಕಾದ ನೆತ್ತಿಯ ಮೇಲೆ. ಮನುಷ್ಯಕುಲದ ತವರಿನ ಮೇಲೆ ನಿಂತು ಗುಲಬರ್ಗಾದ ಹುಡುಗರಿಗೆ ಪಾಠ ಹೇಳಿತು ಅಂತ ನಾನು ಕಾಕಾಗೆ ಹೇಳಿದೆ. ಬಹಳ ಖುಷಿಪಟ್ಟರು. ಮರುದಿನ ಅದನ್ನೇ ನನಗೆ ಹೇಳಿದರು, ನನಗೆ ಗೊತ್ತಿರಲಿಕ್ಕಿಲ್ಲ ಅಂತ.

ಕಾಕಾನ ಜೊತೆ ಮದುವೆಗೆ ಹೋಗುವುದು ಇನ್ನೊಂದು ಶಿಕ್ಷೆ. ಪಂಕ್ತಿಯಲ್ಲಿ ಕೂತೊಡನೆ ಮಂಗಗಳ ಕಥೆ ಶುರು. ಸಾರಾ ಬ್ರಾಸ್ನನ್, ಫ್ರಾನ್ಸ್ ಡಿ ವಾಲ್ ಎಂಬ ಇಬ್ಬರು 2003ರಲ್ಲಿ ಪ್ರಕಟಿಸಿದ ಪ್ರಯೋಗ. ಕ್ಯಾಪುಚಿನ್ ಮಂಗ ಒಂದು ಹರಳು ಕೊಟ್ಟರೆ ಬದಲಿಗೆ ಸೌತೆಕಾಯಿ ಚೂರು. ಖುಷಿಯಿಂದ ತಿನ್ನುತ್ತದೆ. ಪಕ್ಕದ ಮಂಗನಿಗೆ ಅದೇ ಹರಳಿಗೆ ದ್ರಾಕ್ಷಿ ಕೊಟ್ಟು ನೋಡಿ. ಈಗತಾನೇ ಚಪ್ಪರಿಸಿ ತಿಂದ ಸೌತೆಕಾಯಿಯನ್ನೇ ಮೊದಲನೆಯದು ಕೊಟ್ಟವರ ಮುಖಕ್ಕೆ ಎಸೆದು, ಜಾಳಿಗೆ ಹಿಡಿದು ಅಲ್ಲಾಡಿಸುತ್ತದೆ. “ನ್ಯಾಯ ಅನ್ನೋದು ನಾವು ಕೋರ್ಟ್ ಕಟ್ಟಿದ ಮ್ಯಾಲ ಬಂದದ್ದಲ್ಲೋ, ಅದಕ್ಕಿಂತ ಭಾಳ ಹಿಂದಿಂದು” ಅಂತ ಕಾಕಾ ಹೇಳುತ್ತಿದ್ದಾಗಲೇ ತುಪ್ಪದ ಹುಡುಗ ಬಂದ. ನಮ್ಮ ಸಾಲಿಗೆ ಹೋಳಿಗೆಯ ಮೇಲೆ ಒಂದೊಂದು ಚಮಚ. ಎದುರಿನ ಬೀಗರ ಸಾಲಿಗೆ ತಂಬಿಗೆಯನ್ನೇ ಬಗ್ಗಿಸಿದ. ಹೋಳಿಗೆ ತೇಲಿ, ತುಪ್ಪ ಪತ್ರೋಳಿಯ ಅಂಚು ದಾಟಿ ಬದನೆಕಾಯಿ ಪಲ್ಯದ ಸೀಮೆಗೆ ನುಗ್ಗಿತು. ಕಾಕಾನ ಮಾತು ನಿಂತಿತು. ಕಣ್ಣು ಆ ತಂಬಿಗೆಯ ಹಿಂದೆಯೇ ಹೋಯಿತು. ಆಮೇಲೆ ತಮ್ಮ ಹೋಳಿಗೆಯನ್ನು ಎಡಗೈಯಿಂದ ಮೆಲ್ಲಗೆ ಸರಿಸಿ, “ಏ ತಮ್ಮಾ, ಈ ಸಾಲಿನ್ಯಾಗ ಮನುಷ್ಯಾರು ಕೂತಿಲ್ಲೇನೋ?” ಅಂತ ಗುಡುಗಿದರು. ಮನುಷ್ಯರು ಕೂತಿದ್ದೇವೆ ಅನ್ನುವುದು ಆಗ ನನಗೂ ಪೂರ್ತಿ ಖಾತ್ರಿ ಇರಲಿಲ್ಲ.

ಇದು ಹಿರಿಯರ ಕಥೆಯಾಯಿತು. ಹುಡುಗರದು ಬೇರೆ. ಅವರು ಡಾಕ್ಯುಮೆಂಟರಿ ಪೂರ್ತಿ ನೋಡುವುದಿಲ್ಲ, ಮೊಬೈಲಿನಲ್ಲಿ ಅರ್ಧ ನಿಮಿಷದ ತುಣುಕು ನೋಡಿ ಬೈಕಿನ ಹಿಂದೆ ತೋಳದ ಚಿತ್ರ ಅಂಟಿಸಿಕೊಳ್ಳುತ್ತಾರೆ. ಎಲ್ಲರೂ ‘ಆಲ್ಫಾ’ಗಳೇ. ತೋಳದ ಹಿಂಡಿಗೆ ಆಲ್ಫಾ ಎಂಬ ದಾದಾ ಇರುತ್ತಾನೆ ಅನ್ನುವ ಮಾತನ್ನು ಜಗತ್ತಿಗೆ ಹಬ್ಬಿಸಿದ್ದು ಡೇವಿಡ್ ಮೀಚ್ ಎಂಬ ವಿಜ್ಞಾನಿ 1970ರಲ್ಲಿ ಬರೆದ ಪುಸ್ತಕ. ಆ ತಿಳಿವಳಿಕೆ ಬಂದದ್ದು ಎಲ್ಲೆಲ್ಲಿಂದಲೋ ಹಿಡಿದು ತಂದು ಒಂದೇ ಬೇಲಿಯೊಳಗೆ ಕೂಡಿದ ತೋಳಗಳಿಂದ. ಕಾಡಿನ ತೋಳಗಳನ್ನು ವರ್ಷಗಟ್ಟಲೆ ನೋಡಿದ ಮೇಲೆ ಮೀಚ್ 1999ರಲ್ಲಿ ತಾನೇ ತಿದ್ದಿ ಬರೆದ: ಹಿಂಡು ಅಂದರೆ ಅಪ್ಪ, ಅವ್ವ, ಮಕ್ಕಳು, ಅಷ್ಟೇ. ನಾನು ಇದನ್ನು ಹೇಳುವಾಗ ಹೋಟೆಲಿನ ಕಟ್ಟೆಯ ಮೇಲೆ ಕುರಿ ಕಾಯುವ ಒಬ್ಬ ಮುತ್ಯಾ ಕೂತಿದ್ದ. ಇದನ್ನೆಲ್ಲ ಕೇಳಿ, “ಇದಕ್ಕ ಇಪ್ಪತ್ತೊಂಬತ್ತು ವರ್ಷ ಬೇಕಾತೇನು ಆ ಪುಣ್ಯಾತ್ಮಗ? ನನ್ನ ಕೇಳಿದ್ರ ಒಂದು ಬೀಡಿ ಸೇದೋದ್ರಾಗ ಹೇಳ್ತಿದ್ದೆ” ಅಂದ.

ಪರದೆಯ ಮೇಲೆ ಕಂಡದ್ದೆಲ್ಲ ಖರೆ ಅಂತಲೂ ಅಲ್ಲ. ಡಿಸ್ನಿಯವರ ‘ವೈಟ್ ವೈಲ್ಡರ್‌ನೆಸ್’ 1958ರ ಚಿತ್ರ, ಆಸ್ಕರ್ ಪಡೆದದ್ದು. ಅದರಲ್ಲಿ ಲೆಮ್ಮಿಂಗ್ ಎಂಬ ಇಲಿಯಂಥ ಪ್ರಾಣಿಗಳು ಸಾಲುಸಾಲಾಗಿ ಕಡಿದಾದ ದಂಡೆಯಿಂದ ನೀರಿಗೆ ಹಾರಿ ಸಾಯುತ್ತವೆ. ಅವು ಹಾರಿರಲಿಲ್ಲ, ಚಿತ್ರ ತೆಗೆಯುವವರೇ ನೂಕಿದ್ದರು ಅಂತ ಆಮೇಲೆ ಬಯಲಾಯಿತು. ಹಿಮದ ಮೇಲೆ ಕರಡಿ ನಡೆಯುವ ಸದ್ದನ್ನು ಸ್ಟುಡಿಯೋದಲ್ಲಿ ಕಸ್ಟರ್ಡ್ ಪುಡಿ ಹಿಚುಕಿ ತೆಗೆಯುವುದುಂಟು. ಇದನ್ನು ಹೇಳಿದ್ದಕ್ಕೆ ಕಾಕಾ ನನ್ನ ಜೊತೆ ಮಾತು ಬಿಟ್ಟರು. ಮರುದಿನ ಬೆಳಿಗ್ಗೆ ಮಿರ್ಚಿ ತಿನ್ನಲು ಜೊತೆ ಬೇಕಾಯಿತು, ಕೂಡಿಸಿಕೊಂಡರು.

ಊರಿಗೆ ಬಂದ ಬೀಗರಿಗೆ ನಾವು ಮೊದಲು ತೋರಿಸುವುದು ಮಲಗಿದ ಬುದ್ಧನನ್ನು. ದೂರದಿಂದ ನೋಡಿದರೆ ಬೆಟ್ಟದ ಸಾಲೇ ಹಣೆ, ಮೂಗು, ಗದ್ದ, ಎದೆಯಾಗಿ ಅಂಗಾತ ಮಲಗಿರುತ್ತದೆ. ಬೆಂಗಳೂರಿನಿಂದ ಬಂದ ಹುಡುಗಿಯೊಬ್ಬಳು ಸೆಲ್ಫಿಗೆ ಕೈ ಎತ್ತಿದ್ದಳು. ಕಾಕಾ ಪಿಸುದನಿಯಲ್ಲಿ, “ಅದು ಸುಮಾರು 250 ಕೋಟಿ ವರ್ಷದ ಗ್ರಾನೈಟ್ ನೋಡವ್ವಾ. ಬುದ್ಧ ಇರೋದು ನಿನ್ನ ಮೆದುಳಿನ್ಯಾಗ” ಅಂದರು. ಮನುಷ್ಯನ ಮೆದುಳಿಗೆ ಎಲ್ಲದರಲ್ಲೂ ಮುಖ ಹುಡುಕುವ ಚಟ. ಕಲ್ಲನ್ನು ಚಿರತೆ ಅಂದುಕೊಂಡು ಓಡಿದವನು ನಗೆಪಾಟಲಾದ, ಆದರೆ ಬದುಕಿದ. ಚಿರತೆಯನ್ನು ಕಲ್ಲು ಅಂದುಕೊಂಡವನ ವಂಶ ಅಲ್ಲಿಗೇ ಖತಂ. ಹೀಗಾಗಿ ನಾವು ಉಳಿದವರೆಲ್ಲ ಅಂಜುಬುರುಕರ ಮೊಮ್ಮಕ್ಕಳು. ಹುಡುಗಿ ಫೋನು ಕೆಳಗಿಳಿಸಿದಳು. ಆಟೋದವನಿಗೆ ಸಿಟ್ಟು ಬಂತು. “ಕಾಕಾ, ಕಲ್ಲಾಗರೇ ಇರ್ಲಿ, ಮೆದುಳಾಗರೇ ಇರ್ಲಿ, ಬುದ್ಧ ಇರ್ಲಿ ಬಿಡ್ರಿ. ನನ್ನ ಬಾಡಿಗಿ ಯಾಕ ಕೆಡಸ್ತೀರಿ?”

ಡಾರ್ವಿನ್ ವಿಷಯ ಬಂದಾಗ ಹೋಟೆಲಿನಲ್ಲಿ ಕೇಳುವ ಪ್ರಶ್ನೆ ಒಂದೇ: ಮಂಗ್ಯಾನಿಂದ ಮನುಷ್ಯ ಆದ ಅಂದರೆ ಚರಬಸವೇಶ್ವರ ಗುಡಿ ಹತ್ತಿರದ ಮಂಗ್ಯಾ ಯಾಕೆ ಇನ್ನೂ ಮನುಷ್ಯ ಆಗವಲ್ದು? ಇದಕ್ಕೆ ಕಾಕಾ ಕೊಡುವ ಉತ್ತರ ಮಾತ್ರ ನಾನು ಯಾವ ಡಾಕ್ಯುಮೆಂಟರಿಯಲ್ಲೂ ಕೇಳಿಲ್ಲ. “ಮಂಗ್ಯಾ ನಮ್ಮ ಮುತ್ಯಾ ಅಲ್ಲೋ, ದಾಯಾದಿ. ಒಬ್ಬ ಮುತ್ಯಾನ ಹೊಟ್ಟ್ಯಾಗ ಹುಟ್ಟಿದ ಎರಡು ಮನಿತನ. ಚಿಂಪಾಂಜಿ ಮನಿ, ನಮ್ಮ ಮನಿ ಬ್ಯಾರಿ ಆಗಿ ಅರವತ್ತು ಎಪ್ಪತ್ತು ಲಕ್ಷ ವರ್ಷ ಆತು. ಈ ಗುಡಿ ಮಂಗ್ಯಾಂದು ಅದಕ್ಕೂ ಹಿಂದಿನ ವಾಟ್ಣಿ. ನಿಮ್ಮ ದೊಡ್ಡಪ್ಪನ ಮಗ ಯಾಕ ನಿನ್ನಂಗ ಆಗಿಲ್ಲ ಅಂತ ಯಾರರೇ ಕೇಳ್ತಾರೇನು?” ವಾಟ್ಣಿ ಕೇಸಿಗೆ ಕೋರ್ಟು ಅಲೆಯದ ಮನೆ ನಮ್ಮ ತಾಲೂಕಿನಲ್ಲಿ ಕಮ್ಮಿ, ಎಲ್ಲರಿಗೂ ತಟ್ಟನೆ ತಿಳಿಯಿತು. 2023ರಲ್ಲಿ ಎನ್‌ಸಿಇಆರ್‌ಟಿ ಹತ್ತನೇ ಇಯತ್ತೆಯ ಪುಸ್ತಕದಿಂದ ವಿಕಾಸದ ಪಾಠ ತೆಗೆದಾಗ ಕಾಕಾ ಅಂದದ್ದಿಷ್ಟೇ: “ದಾಯಾದಿ ಹೆಸ್ರು ಪಹಣಿಯಿಂದ ತಗಸೋದು ನಮ್ಮೂರಾಗೂ ನಡೀತದ.”

ಇಷ್ಟೆಲ್ಲ ಬಲ್ಲ ಕಾಕಾ ಆದಿಮಾನವನ ಕುರುಹು ಸಿಕ್ಕ ಟಾಂಜಾನಿಯಾದ ಓಲ್ಡುವಾಯಿ ಕಮರಿಯ ದಾರಿ ಹೇಳಬಲ್ಲರು, ಇಸಾಂಪುರ ಎಲ್ಲಿದೆ ಅಂದರೆ ತಲೆ ಕೆರೆಯುತ್ತಾರೆ. ಹುಣಸಗಿಯ ಹತ್ತಿರ. ಅವರ ಷಡ್ಡಕನ ಊರು ಅದರ ಮಗ್ಗುಲಿಗೇ ಇದೆ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಹುಣಸಗಿ-ಬೈಚಬಾಳ ಕಣಿವೆಯಲ್ಲಿ ದಶಕಗಟ್ಟಲೆ ಬಿಸಿಲಲ್ಲಿ ತಿರುಗಿ ಹಳೆ ಶಿಲಾಯುಗದ ನೆಲೆಗಳನ್ನು ಸಾಲುಸಾಲಾಗಿ ಗುರುತಿಸಿದರು. ಇಸಾಂಪುರದಲ್ಲಿ ಸಿಕ್ಕದ್ದು ಕಲ್ಲಿನ ಕಾರಖಾನೆ. ಸುಣ್ಣಕಲ್ಲಿನ ಚಪ್ಪಡಿಗಳನ್ನು ಮೀಟಿ ಎಬ್ಬಿಸಿ, ಗಟ್ಟಿ ಗುಂಡಿನಿಂದ ಬಡಿದು ಕೈಗೊಡಲಿ ಮಾಡಿಕೊಂಡು ಉಳಿದ ಚಕ್ಕೆ ಅಲ್ಲೇ ಬಿಟ್ಟು ಹೋಗಿದ್ದಾರೆ. ಕೆಲಸಗಳ್ಳರಲ್ಲ, ಆದರೆ ಜಾಣರು. ಬೇಕಾದ ದಪ್ಪದ ಚಪ್ಪಡಿಯನ್ನೇ ಆರಿಸಿದರೆ ಅರ್ಧ ಕೆಲಸ ನಿಸರ್ಗವೇ ಮಾಡಿಟ್ಟಿರುತ್ತದೆ ಅನ್ನುವುದು ಅವರಿಗೆ ಗೊತ್ತಿತ್ತು. ಕಾಲ ಸುಮಾರು 12 ಲಕ್ಷ ವರ್ಷದ ಹಿಂದೆ! ಶಹಾಪುರದ ಮಗ್ಗುಲ ವಿಭೂತಿಹಳ್ಳಿಯಲ್ಲಿ ಸಾಲು ಹಿಡಿದು ನಿಂತ ಬೃಹತ್ ಶಿಲಾಯುಗದ ಗುಂಡುಗಳನ್ನು ಸುರಪುರದಲ್ಲಿದ್ದ ಮೆಡೋಸ್ ಟೇಲರ್ ಸಾಹೇಬ ನೋಡಿ ಬರೆದಿಟ್ಟ. ನಾವು ಬಸ್ಸಿನ ಕಿಟಕಿಯಿಂದಲೂ ನೋಡುವುದಿಲ್ಲ, ಮೊಬೈಲಿನಲ್ಲಿ ಸ್ಟೋನ್‌ಹೆಂಜ್ ನೋಡುತ್ತಿರುತ್ತೇವೆ.

ಆ ಕಣಿವೆಯ ಜನ ಬೇಸಿಗೆಯಲ್ಲಿ ಊಟೆ ನೀರಿದ್ದ ಹಳ್ಳದ ಹತ್ತಿರ ಗುಂಪುಗೂಡಿ, ಮಳೆಗಾಲ ಬಂದೊಡನೆ ಚದುರಿ ಹೋಗುತ್ತಿದ್ದಿರಬೇಕು ಅಂತ ಪದ್ದಯ್ಯನವರ ತರ್ಕ. ಇದನ್ನು ಕೇಳಿದ್ದೇ ತಡ, ಕಾಕಾ ಮೇಜು ಕುಟ್ಟಿದರು: “ಅಂದ್ರ ಗುಳೆ ಹೋಗೋದು ನಮ್ಮ ರಕ್ತದಾಗೇ ಅದ!”

ಇಲ್ಲಿ ಮಾತ್ರ ನಾನು ಅಡ್ಡ ಬಂದೆ. ಮಂಗನ ಸೌತೆಕಾಯಿಯನ್ನಾದರೂ ಒಪ್ಪಿಕೊಂಡೇನು, ಇದನ್ನು ಒಪ್ಪಲಾರೆ. ಚಳಿಗಾಲಕ್ಕೆ ಸುರಪುರದ ಬೋನಾಳ ಕೆರೆಗೆ ತಲೆಯ ಮೇಲೆ ಎರಡು ಕಪ್ಪು ಗೀರಿನ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. ತೆಳು ಗಾಳಿಯಲ್ಲೂ ಪ್ರಾಣವಾಯು ಹಿಡಿಯಬಲ್ಲ ಹಿಮೋಗ್ಲೋಬಿನ್ ಅವುಗಳ ರಕ್ತದಲ್ಲಿದೆ. ಅದು ರಕ್ತದ ಮಾತು, ಒಪ್ಪೋಣ. ತೊಗರಿ, ಹತ್ತಿ ಮುಗಿಯುತ್ತಲೇ ನಮ್ಮ ಮಂದಿ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಬೆಂಗಳೂರು, ಪುಣೆ, ಮುಂಬೈಗೆ ಇಟ್ಟಂಗಿ ಹೊರಲು ಹೋಗುವುದು ರಕ್ತದ ಮಾತಲ್ಲ, ಕೂಲಿಯ ಮಾತು. ಬಾತುಗಳನ್ನು ಎಣಿಸಲು ದುರ್ಬೀನು ಹಿಡಿದು ಬರುವವರಿದ್ದಾರೆ. ಇವರನ್ನು ಎಣಿಸುವವನು ಬಸ್ಸಿನ ಕಂಡಕ್ಟರ್ ಒಬ್ಬನೇ. ಎಲ್ಲದಕ್ಕೂ ಆದಿಮಾನವನನ್ನು ಸಾಕ್ಷಿಗೆ ಕರೆದರೆ ಈಗಿನ ಮಾನವರು ಆರಾಮ ತಪ್ಪಿಸಿಕೊಂಡು ಹೋಗುತ್ತಾರೆ. ಕಾಕಾ ಸುಮ್ಮನಾದರು. “ಅಟೆನ್‌ಬರೋ ಇದನ್ನ ಹೇಳಿಲ್ಲ” ಅಂದರು ಕಡೆಗೆ.

ಅಂತೂ ಒಂದು ಆದಿತ್ಯವಾರ ಇಸಾಂಪುರಕ್ಕೆ ಹೋಗುವುದೆಂದು ಠರಾವಾಯಿತು. ಬುತ್ತಿ ಕಟ್ಟುತ್ತಿದ್ದ ಕಾಕಿಗೆ ಕಾಕಾ ಹುರುಪಿನಿಂದ ತಿಳಿಸಿ ಹೇಳುತ್ತಿದ್ದರು: ಮನೆ ಇಲ್ಲ, ಹೊಲ ಇಲ್ಲ, ಕಲ್ಲೇ ಎಲ್ಲ, ಸಿಕ್ಕದ್ದನ್ನು ಹಂಚಿ ತಿನ್ನುವುದು.

“ಅಡಿಗಿ ಯಾರು ಮಾಡ್ತಿದ್ರು?” ಕಾಕಿ ಕೇಳಿದರು.

“ಅಡಿಗಿ ಎಲ್ಲೀದು? ಒಲಿನೇ ಇರ್ಲಿಲ್ಲ ಆಗ.”

“ರೊಟ್ಟಿ?”

“ಜೋಳಾನೇ ಬಂದಿದ್ದಿಲ್ಲಲೇ.”

ಕಾಕಿ ಬುತ್ತಿಯ ಗಂಟು ಬಿಗಿದು ಅವರ ಕೈಗಿಟ್ಟರು. “ಅಷ್ಟು ಛಲೋ ಇತ್ತಲ್ರಿ. ಮತ್ತ ಅಲ್ಲಿಂದ ಈ ಕಡಿಗಿ ಬರ್ರಿ ಅಂತ ಯಾರು ಕರದಿದ್ರು ನಿಮಗ?”